ಲಂಡನ್ನಿನ ಷೇರುಪೇಟೆ ಮತ್ತು ಉಡುಪಿಯ ಹೆರಿಗೆ ಆಸ್ಪತ್ರೆ

(ಉಪ್ಪುಂದದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಜಾಗತೀಕರಣ ಎಂದಾಕ್ಷಣ ಜನರ ಕಣ್ಣಮುಂದೆ ಬರುವುದು ವಿದೇಶಿ ಕಾರು, ತಂಪು ಪಾನೀಯ, ಕಂಪ್ಯೂಟರು, ಮೊಬೈಲ್ ಫೋನು. ಸರಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ, ಔಷಧಿ ಅಂಗಡಿಯ ಬಿಲ್ಲು, ಹೆರಿಗೆ ವಾರ್ಡಿನ ಹಾಸಿಗೆ ಇವುಗಳಿಗೂ ಜಾಗತೀಕರಣಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಸಂಬಂಧ ಇದೆ. ಅದನ್ನು ತಿಳಿಯಲು ಜಿನೀವಾಕ್ಕೋ ವಾಷಿಂಗ್ಟನ್ನಿಗೋ ಹೋಗಬೇಕಾಗಿಲ್ಲ. ಉಪ್ಪುಂದದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಅರವತ್ತು ಕಿಲೊಮೀಟರಿಗೆ ಸ್ವಲ್ಪ ಹೆಚ್ಚು ದೂರ ಹೋದರೆ ಸಾಕು, ಉಡುಪಿಯಲ್ಲಿ ಅದರ ಕತೆ ಇದೆ.

2021ರಲ್ಲಿ ಉಡುಪಿಯ ತಾಯಿ ಮತ್ತು ಮಕ್ಕಳ ಆಸ್ಪತ್ರೆಯ ಸಿಬ್ಬಂದಿ ಸಂಬಳ ಬಾರದೆ ಪ್ರತಿಭಟನೆಗೆ ಇಳಿದರು. ಜಿಲ್ಲೆಯ ಬಡ ಗರ್ಭಿಣಿಯರು ನೆಚ್ಚಿಕೊಂಡ ಆಸ್ಪತ್ರೆ ಅದು. ಬೈಂದೂರು, ಕುಂದಾಪುರದ ಕಡೆಯಿಂದಲೂ ಹೆರಿಗೆ ಕಷ್ಟವಾದಾಗ ಹೆಂಗಸರನ್ನು ಕರೆದೊಯ್ಯುವ ದಾರಿ ಉಡುಪಿಯದೋ ಮಣಿಪಾಲದ್ದೋ ಆಗಿರುತ್ತದೆ. ಅಂತಹ ಆಸ್ಪತ್ರೆಯಲ್ಲಿ ದಾದಿಯರಿಗೆ ಸಂಬಳ ಏಕೆ ನಿಂತಿತು? ರಾಜ್ಯದ ಬೊಕ್ಕಸ ಬರಿದಾಗಿದ್ದರಿಂದ ಅಲ್ಲ. ಅರಬ್ಬಿ ಸಮುದ್ರದ ಆಚೆಯ ಅಬುಧಾಬಿಯಲ್ಲಿ ಬೆಳೆದ ಒಂದು ಉದ್ಯಮ ಲಂಡನ್ನಿನ ಷೇರುಪೇಟೆಯಲ್ಲಿ ಕುಸಿದಿತ್ತು. ಉಡುಪಿಯ ಹೆರಿಗೆ ವಾರ್ಡು ಲಂಡನ್ನಿನ ಷೇರಿನ ಬೆಲೆಗೆ ಗಂಟುಬಿದ್ದದ್ದು ಹೇಗೆ ಎನ್ನುವುದೇ ಈ ಉಪನ್ಯಾಸದ ವಿಷಯ.

ಹೊರಗಿನ ನೆರವು ಹೊಸದಲ್ಲ

ಕರಾವಳಿಗೆ ಹೊರದೇಶದ ವೈದ್ಯ, ಹೊರದೇಶದ ಹಣ ಹೊಸ ಸಂಗತಿಗಳಲ್ಲ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ರೋಗಿಗಳಿಗೆ ಔಷಧಿ ಕೊಡಲು ಆರಂಭಿಸಿದ ಫಾದರ್ ಮುಲ್ಲರ್ ಜರ್ಮನಿಯವರು. ಉಡುಪಿಯಲ್ಲಿ 1923ರಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದ ಡಾ. ಇವಾ ಲೊಂಬಾರ್ಡ್ ಸ್ವಿಟ್ಜರ್ಲೆಂಡಿನಿಂದ ಬಾಸೆಲ್ ಮಿಶನ್ ಮೂಲಕ ಬಂದವರು. ಇಂದಿಗೂ ಅದು ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಎಂದೇ ಹೆಸರಾಗಿದೆ. ಇವರು ಬಂದದ್ದು ತಮ್ಮ ಧರ್ಮದ ಪ್ರೇರಣೆಯಿಂದ. ಆದರೆ ಇಲ್ಲಿ ನೆಲೆ ನಿಂತು, ಇಲ್ಲಿಯ ಜನರಿಗೆ ಕೆಲಸ ಕಲಿಸಿದರು. ಅವರು ತೀರಿಹೋದ ಮೇಲೂ ಅವರು ಕಟ್ಟಿದ ಸಂಸ್ಥೆಗಳು ಉಳಿದವು.

ಊರಿನವರ ಕೊಡುಗೆಯೂ ಕಡಿಮೆಯದಲ್ಲ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಖಾಸಗಿ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ಅದೊಂದು ಸಾಹಸ ಎಂದೇ ಎಲ್ಲರೂ ಭಾವಿಸಿದ್ದರು. ಇಲ್ಲಿ ಒಂದು ಮಾತು ನೆನಪಿಡಬೇಕು. ಆ ಕಾಲೇಜಿನ ವಿದ್ಯಾರ್ಥಿಗಳು ರೋಗಿಯ ಬಳಿ ನಿಂತು ಪಾಠ ಕಲಿತದ್ದು ಮಂಗಳೂರಿನ ವೆನ್ಲಾಕ್ ಮತ್ತು ಲೇಡಿ ಗೋಶನ್ ಎಂಬ ಸರಕಾರಿ ಆಸ್ಪತ್ರೆಗಳಲ್ಲಿ. ಖಾಸಗಿ ಸಂಸ್ಥೆ ಬೆಳೆಯುವುದಕ್ಕೂ ಸರಕಾರಿ ಆಸ್ಪತ್ರೆಯ ಆಧಾರ ಬೇಕಾಯಿತು.

ಇನ್ನೊಬ್ಬ ದಾನಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು. 1906ರಲ್ಲಿ ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಸ್ಥಾಪಿಸಿದವರು ಅವರು; ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಗಿ ದೇಶವನ್ನೆಲ್ಲ ಹರಡಿ, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಲೀನವಾಯಿತು. ಪೇಟೆಯ ನಡುವೆ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆಂದು ಜಾಗ ಕೊಟ್ಟವರು ಇದೇ ಸಾಹೇಬರು. ಆ ಜಾಗದಲ್ಲಿ ಸರಕಾರಿ ಆಸ್ಪತ್ರೆ ಬಂತು. ದಾನ ಕೊಟ್ಟವರು ಖಾಸಗಿ ವ್ಯಕ್ತಿ, ನಡೆಸುವ ಹೊಣೆ ಸರಕಾರದ್ದು. ಒಂದೆರಡು ತಲೆಮಾರು ಈ ಏರ್ಪಾಡಿನ ಬಗ್ಗೆ ಯಾರೂ ಪ್ರಶ್ನೆ ಎತ್ತಲಿಲ್ಲ.

ಆಲ್ಮಾ ಆಟಾದಿಂದ ವಾಷಿಂಗ್ಟನ್ನಿಗೆ

ಪ್ರಶ್ನೆ ಎದ್ದದ್ದು ಬೇರೆಲ್ಲೋ. 1978ರ ಸೆಪ್ಟೆಂಬರಿನಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾ ನಗರದಲ್ಲಿ ಜಗತ್ತಿನ ರಾಷ್ಟ್ರಗಳು ಸೇರಿ, 2000ನೇ ಇಸವಿಯ ಹೊತ್ತಿಗೆ ಎಲ್ಲರಿಗೂ ಆರೋಗ್ಯ ಎಂಬ ಗುರಿ ಇಟ್ಟುಕೊಂಡವು. ಆರೋಗ್ಯ ಎನ್ನುವುದು ಮನುಷ್ಯನ ಹಕ್ಕು, ಅದನ್ನು ಊರಿನ ಮಟ್ಟದಲ್ಲಿಯೇ ಒದಗಿಸಬೇಕು, ಅದು ಸರಕಾರದ ಹೊಣೆ ಎಂಬುದು ಅಲ್ಲಿಯ ಘೋಷಣೆಯ ತಿರುಳು. ಊರೂರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರಗಳಿಗೆ ಈ ಚಿಂತನೆಯಿಂದ ಬಲ ಬಂತು.

ಹತ್ತು ವರ್ಷ ಕಳೆಯುವುದರೊಳಗೆ ಗಾಳಿ ದಿಕ್ಕು ಬದಲಿಸಿತು. ಸಾಲದಲ್ಲಿ ಮುಳುಗಿದ ಬಡ ರಾಷ್ಟ್ರಗಳಿಗೆ ವಿಶ್ವಬ್ಯಾಂಕು 1987ರಲ್ಲಿ ಹೊಸ ಸಲಹೆ ಕೊಟ್ಟಿತು. ಆಸ್ಪತ್ರೆಗೆ ಬಂದವರಿಂದ ಶುಲ್ಕ ಪಡೆಯಿರಿ, ವಿಮೆಯನ್ನು ಬೆಳೆಸಿರಿ, ಖಾಸಗಿಯವರನ್ನು ಬಳಸಿಕೊಳ್ಳಿರಿ, ಆಡಳಿತವನ್ನು ಕೆಳಹಂತಕ್ಕೆ ಹಂಚಿರಿ. ಈ ನಾಲ್ಕು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಕರ್ನಾಟಕದಲ್ಲಿ ಮುಂದೆ ನಡೆದದ್ದು ಸುಲಭವಾಗಿ ಅರ್ಥವಾಗುತ್ತದೆ.

ಭಾರತ 1991ರಲ್ಲಿ ಆರ್ಥಿಕ ನೀತಿಯನ್ನು ಬದಲಿಸಿತು. ರಾಜ್ಯ ಸರಕಾರಗಳ ಕೈ ಬಿಗಿಯಾಗಿತ್ತು. 1996ರಲ್ಲಿ ಕರ್ನಾಟಕ, ಪಶ್ಚಿಮ ಬಂಗಾಳ, ಪಂಜಾಬ್ ಮೂರೂ ರಾಜ್ಯಗಳಿಗೆ ಸೇರಿ ವಿಶ್ವಬ್ಯಾಂಕು 35 ಕೋಟಿ ಡಾಲರು ಸಾಲ ಮಂಜೂರು ಮಾಡಿತು. ಕರ್ನಾಟಕದಲ್ಲಿ ಇದು ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ಎಂದು ಹೆಸರಾಯಿತು. ಗುಲ್ಬರ್ಗ ವಿಭಾಗಕ್ಕೆ ಜರ್ಮನಿಯ ನೆರವು ಪ್ರತ್ಯೇಕವಾಗಿ ಸಿಕ್ಕಿತು.

ಈ ಯೋಜನೆಯನ್ನು ಒಂದೇ ಮಾತಿನಲ್ಲಿ ಒಳ್ಳೆಯದು ಅಥವಾ ಕೆಟ್ಟದ್ದು ಎನ್ನುವಂತಿಲ್ಲ. ಜಿಲ್ಲಾ ಆಸ್ಪತ್ರೆ, ತಾಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳ ಕಟ್ಟಡ ದುರಸ್ತಿಯಾದವು, ಹೊಸ ಕಟ್ಟಡಗಳು ಎದ್ದವು. ಉಪಕರಣಗಳು ಬಂದವು. ಹಾಗೆಯೇ ಬಡವರಲ್ಲದವರಿಂದ ಶುಲ್ಕ ಪಡೆಯುವ ಕ್ರಮವೂ, ಆಸ್ಪತ್ರೆಯ ಶುಚಿತ್ವದಂತಹ ಕೆಲಸಗಳನ್ನು ಗುತ್ತಿಗೆಗೆ ಕೊಡುವ ಕ್ರಮವೂ ಗಟ್ಟಿಯಾದವು. ಬಡವರಿಗೆ ಶುಲ್ಕವಿಲ್ಲ ಎಂಬ ನಿಯಮವೇನೋ ಇತ್ತು. ಆದರೆ ಬಡವನೆಂದು ಸಾಬೀತುಪಡಿಸಲು ಕೈಯಲ್ಲಿ ಕಾರ್ಡು ಬೇಕು. ಮಳೆಗಾಲದಲ್ಲಿ ದೋಣಿ ದಡ ಸೇರಿದ ಮೇಲೆ ಕೈಯಲ್ಲಿ ಕಾಸಿಲ್ಲದ ಮೀನುಗಾರನ ಹೆಸರು ಬಡವರ ಪಟ್ಟಿಯಲ್ಲಿ ಇರಲೇಬೇಕೆಂದಿಲ್ಲ.

ಕಟ್ಟಡಕ್ಕೆ ಸಾಲ ಸಿಗುತ್ತದೆ. ಆದರೆ ಆ ಕಟ್ಟಡದಲ್ಲಿ ಪ್ರತಿ ತಿಂಗಳೂ ಸಂಬಳ ಪಡೆದು ದುಡಿಯುವ ಹೆರಿಗೆ ತಜ್ಞೆ, ಅರಿವಳಿಕೆ ವೈದ್ಯ, ದಾದಿ ಇವರನ್ನು ವರ್ಷಾನುಗಟ್ಟಲೆ ಉಳಿಸಿಕೊಳ್ಳುವುದು ರಾಜ್ಯದ ಬಜೆಟ್ಟಿನ ಕೆಲಸ. ಯೋಜನೆಗೆ ಮುಕ್ತಾಯದ ದಿನಾಂಕ ಇರುತ್ತದೆ, ಕಾಯಿಲೆಗೆ ಇರುವುದಿಲ್ಲ. ಹೊರಗಿನ ಹಣದಿಂದ ನಡೆಯುವ ಎಲ್ಲ ಆರೋಗ್ಯ ಕಾರ್ಯಕ್ರಮಗಳ ತೊಡಕು ಇದೇ.

ಒದಗಿಸುವ ಸರಕಾರ, ಕೊಳ್ಳುವ ಸರಕಾರ

ಎರಡನೆಯ ಸಲಹೆಯಾದ ವಿಮೆ ಕರ್ನಾಟಕಕ್ಕೆ ತನ್ನದೇ ರೂಪದಲ್ಲಿ ಬಂತು. 2003ರಲ್ಲಿ ಜಾರಿಯಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ರೈತ ಸದಸ್ಯರು ತಿಂಗಳಿಗೆ ಐದು ರೂಪಾಯಿಯಂತೆ, ವರ್ಷಕ್ಕೆ ಅರುವತ್ತು ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆ ಪಡೆಯುವಂತಾಯಿತು. ಇದರ ಹಿಂದೆ ದಕ್ಷಿಣ ಕನ್ನಡದವರೇ ಆದ ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಆಲೋಚನೆ ಇತ್ತು. 2006ರಲ್ಲಿ ರಾಜ್ಯ ಮತ್ತೊಮ್ಮೆ ವಿಶ್ವಬ್ಯಾಂಕಿನ ನೆರವು ಪಡೆಯಿತು. 2010ರಲ್ಲಿ ಗುಲ್ಬರ್ಗ ವಿಭಾಗದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಬಡತನ ರೇಖೆಗಿಂತ ಕೆಳಗಿನವರಿಗೆ ದುಬಾರಿ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸಿತು. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಒಂದಾದವು. ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತವಾಯಿತು.

ಹೃದಯದ ಶಸ್ತ್ರಚಿಕಿತ್ಸೆಗಾಗಿ ಮನೆ ಮಾರಬೇಕಾಗಿದ್ದ ಕುಟುಂಬಗಳಿಗೆ ಈ ಯೋಜನೆಗಳು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಇವುಗಳೊಂದಿಗೆ ಸರಕಾರದ ಪಾತ್ರ ಬದಲಾಯಿತು. ಹಿಂದೆ ಸರಕಾರ ಚಿಕಿತ್ಸೆಯನ್ನು ತಾನೇ ಒದಗಿಸುತ್ತಿತ್ತು. ಈಗ ಖಾಸಗಿ ಆಸ್ಪತ್ರೆಯಿಂದ ಚಿಕಿತ್ಸೆಯನ್ನು ಕೊಂಡು ಜನರಿಗೆ ಕೊಡುವ ಗಿರಾಕಿಯೂ ಆಯಿತು. ಆಸ್ಪತ್ರೆಗಳು ಹೆಚ್ಚಿರುವ ಪೇಟೆಯಲ್ಲಿ ಕಾರ್ಡಿಗೆ ಬೆಲೆ ಉಂಟು. ಹತ್ತಿರದಲ್ಲಿ ತಜ್ಞ ವೈದ್ಯರೇ ಇಲ್ಲದ ಊರಿನಲ್ಲಿ ಕಾರ್ಡು ಪೆಟ್ಟಿಗೆಯಲ್ಲಿ ಉಳಿಯುತ್ತದೆ.

ಕೊಳ್ಳುವುದು ರೂಢಿಯಾದ ಮೇಲೆ ಆಸ್ಪತ್ರೆಯನ್ನೇ ವಹಿಸಿಕೊಡುವ ಆಲೋಚನೆ ವಿಚಿತ್ರವೆನಿಸಲಿಲ್ಲ. ಹಾಜಿ ಅಬ್ದುಲ್ಲಾ ಆಸ್ಪತ್ರೆಯ ಕತೆಗೆ ಮರಳಬೇಕಾದದ್ದು ಇಲ್ಲಿ.

ಅಬುಧಾಬಿಯಿಂದ ಬಂದ ಕೊಡುಗೆ

ಕಾಪುವಿನ ಬಿ.ಆರ್. ಶೆಟ್ಟಿ 1973ರಲ್ಲಿ ಕೆಲಸ ಹುಡುಕಿಕೊಂಡು ಅಬುಧಾಬಿಗೆ ಹೋದವರು. ಔಷಧಿ ಮಾರಾಟ ಪ್ರತಿನಿಧಿಯಾಗಿ ದುಡಿದು, 1975ರಲ್ಲಿ ಎನ್‌ಎಂಸಿ ಎಂಬ ವೈದ್ಯಕೀಯ ಕೇಂದ್ರವನ್ನು ಆರಂಭಿಸಿದರು. ಅದು ಕೊಲ್ಲಿ ರಾಷ್ಟ್ರಗಳ ದೊಡ್ಡ ಆಸ್ಪತ್ರೆ ಸಮೂಹವಾಯಿತು. 2012ರಲ್ಲಿ ಲಂಡನ್ ಷೇರುಪೇಟೆಯನ್ನು ಪ್ರವೇಶಿಸಿ, 2017ರ ಸೆಪ್ಟೆಂಬರಿನಲ್ಲಿ ಅಲ್ಲಿಯ ನೂರು ಅಗ್ರ ಕಂಪೆನಿಗಳ ಸೂಚ್ಯಂಕಕ್ಕೂ ಸೇರಿತು. ಕರಾವಳಿಯ ಜನ ಇದನ್ನು ಹೆಮ್ಮೆಯಿಂದ ಹೇಳಿಕೊಂಡರು.

ಹುಟ್ಟಿದ ಜಿಲ್ಲೆಗೆ ಏನಾದರೂ ಮಾಡಬೇಕೆಂಬ ಅವರ ಅಪೇಕ್ಷೆಯೂ, ಹಳೆಯ ಆಸ್ಪತ್ರೆಗೆ ಹೊಸ ಕಟ್ಟಡ ಬೇಕೆಂಬ ಸರಕಾರದ ಅಗತ್ಯವೂ ಒಂದೆಡೆ ಕೂಡಿದವು. ಶೆಟ್ಟಿಯವರ ಸಂಸ್ಥೆ 200 ಹಾಸಿಗೆಗಳ ಹೊಸ ತಾಯಿ ಮಕ್ಕಳ ಆಸ್ಪತ್ರೆಯನ್ನು ಕಟ್ಟಿ, ಉಚಿತವಾಗಿ ನಡೆಸಿಕೊಡಬೇಕು. ಅದೇ ಆವರಣದಲ್ಲಿ 400 ಹಾಸಿಗೆಗಳ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕಟ್ಟಲು ಸಂಸ್ಥೆಗೆ ಅವಕಾಶ. ಇದು ಒಪ್ಪಂದದ ಸಾರ.

ಉಡುಪಿಯಲ್ಲಿ ಇದಕ್ಕೆ ಜೋರು ವಿರೋಧ ಬಂತು. ಬಡ ಹೆಂಗಸರಿಗೆಂದು ಹಾಜಿ ಅಬ್ದುಲ್ಲಾ ಸಾಹೇಬರು ಬಿಟ್ಟುಕೊಟ್ಟ ಜಾಗವನ್ನು ಖಾಸಗಿಯವರಿಗೆ ಕೊಡುವುದು ಸರಿಯೇ ಎಂದು ನಾಗರಿಕರು ಬೀದಿಗಿಳಿದು ಕೇಳಿದರು. ಸರಕಾರದ ಕಡೆಯ ಉತ್ತರವೂ ತಳ್ಳಿಹಾಕುವಂತಹದ್ದಲ್ಲ: ಸೇವೆ ಉಚಿತವಾಗಿಯೇ ಇರುತ್ತದೆ, ಸೌಲಭ್ಯ ಹೆಚ್ಚುತ್ತದೆ, ದಾನಿಗಳು ಮುಂದೆ ಬಂದಾಗ ಬೇಡವೆನ್ನುವುದೇಕೆ? 2017ರ ನವೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಆಸ್ಪತ್ರೆಯನ್ನು ಉದ್ಘಾಟಿಸಿದರು. ಹೊಸ ಹೆಸರು ಕೂಸಮ್ಮ ಶಂಭು ಶೆಟ್ಟಿ ಸ್ಮಾರಕ ಹಾಜಿ ಅಬ್ದುಲ್ಲಾ ತಾಯಿ ಮತ್ತು ಮಕ್ಕಳ ಆಸ್ಪತ್ರೆ. ಹಳೆಯ ದಾನಿ, ಹೊಸ ದಾನಿಯ ಕುಟುಂಬ, ಇಬ್ಬರ ಹೆಸರೂ ಫಲಕದಲ್ಲಿ ಸೇರಿದವು. ಸ್ವಚ್ಛವಾದ, ಸುಸಜ್ಜಿತವಾದ ಆಸ್ಪತ್ರೆ ಜನರಿಗೆ ಹಿಡಿಸಿತು ಎಂಬುದನ್ನೂ ಹೇಳಬೇಕು.

ಎರಡೇ ವರ್ಷ. 2019ರ ಡಿಸೆಂಬರಿನಲ್ಲಿ ಅಮೆರಿಕದ ಮಡ್ಡಿ ವಾಟರ್ಸ್ ಎಂಬ ಸಂಸ್ಥೆ ಎನ್‌ಎಂಸಿಯ ಲೆಕ್ಕಪತ್ರಗಳ ಬಗ್ಗೆ ಸಂಶಯ ವ್ಯಕ್ತಪಡಿಸುವ ವರದಿ ಹೊರತಂದಿತು. ಷೇರಿನ ಬೆಲೆ ಕುಸಿಯಿತು. ಲೆಕ್ಕದಲ್ಲಿ ತೋರಿಸದ 400 ಕೋಟಿ ಡಾಲರಿಗೂ ಮಿಕ್ಕಿದ ಸಾಲ ಹೊರಬಿತ್ತು. 2020ರ ಏಪ್ರಿಲಿನಲ್ಲಿ ಬ್ರಿಟಿಷ್ ನ್ಯಾಯಾಲಯ ಕಂಪೆನಿಯನ್ನು ಆಡಳಿತಗಾರರ ವಶಕ್ಕೆ ಒಪ್ಪಿಸಿತು. ತಮಗೇ ಮೋಸವಾಗಿದೆ ಎಂದು ಶೆಟ್ಟಿಯವರು ಹೇಳಿದರು. ವ್ಯಾಜ್ಯಗಳು ಹಲವು ದೇಶಗಳ ನ್ಯಾಯಾಲಯಗಳನ್ನು ಹತ್ತಿದವು. ಯಾರು ತಪ್ಪಿತಸ್ಥರು ಎಂಬುದನ್ನು ನ್ಯಾಯಾಲಯಗಳು ತೀರ್ಮಾನಿಸಬೇಕು. ಉಡುಪಿಗೆ ಸಂಬಂಧಪಟ್ಟ ಸಂಗತಿ ಬೇರೆ.

ಆಸ್ಪತ್ರೆಗೆ ಬರುವ ಹಣ ಬತ್ತತೊಡಗಿತು. 400 ಹಾಸಿಗೆಗಳ ಆಸ್ಪತ್ರೆ ಒಪ್ಪಂದದಂತೆ ಮೇಲೇಳಲಿಲ್ಲ. ವೈದ್ಯರು, ದಾದಿಯರು, ಇತರ ನೌಕರರು ತಿಂಗಳ ಸಂಬಳಕ್ಕಾಗಿ ಕಾಯುವಂತಾಯಿತು. ಪ್ರತಿಭಟನೆ, ಜಿಲ್ಲಾಡಳಿತದ ಮಧ್ಯಸ್ಥಿಕೆ, ಭರವಸೆ, ಮತ್ತೆ ಪ್ರತಿಭಟನೆ. ಕೊನೆಗೆ 2022ರಲ್ಲಿ ರಾಜ್ಯ ಸರಕಾರ ಆಸ್ಪತ್ರೆಯನ್ನು ಮರಳಿ ತನ್ನ ವಶಕ್ಕೆ ತೆಗೆದುಕೊಂಡಿತು.

ಈ ಪ್ರಕರಣದಲ್ಲಿ ಖಳನಾಯಕನನ್ನು ಹುಡುಕುವುದು ಸುಲಭ, ಆದರೆ ಅದರಿಂದ ಪಾಠ ಸಿಗುವುದಿಲ್ಲ. ದಾನಿಯ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಅವರ ಸಂಪತ್ತು ನಿಂತಿದ್ದು ಸಾಲ ಮತ್ತು ಷೇರಿನ ಮೇಲೆ. ಹಾಜಿ ಅಬ್ದುಲ್ಲಾ ಸಾಹೇಬರು ಕೊಟ್ಟದ್ದು ನೆಲ. ಕೊಟ್ಟ ಮೇಲೆ ಅವರ ವ್ಯಾಪಾರ ಏರಿದರೂ ಇಳಿದರೂ ನೆಲಕ್ಕೆ ಏನೂ ಆಗುವಂತಿರಲಿಲ್ಲ. ಹೊಸ ಒಪ್ಪಂದದಲ್ಲಿ ದಾನವಾಗಿ ಬಂದದ್ದು ಪ್ರತಿ ತಿಂಗಳ ಖರ್ಚು. ಆ ಖರ್ಚಿನ ಮೂಲ ಒಣಗಿದರೆ ಮುಂದೇನು ಎಂಬ ಪ್ರಶ್ನೆಯನ್ನು ಮೊದಲೇ ಕೇಳಿ, ಉತ್ತರವನ್ನು ಕೈಗೆ ತೆಗೆದುಕೊಂಡಿದ್ದರೆ ದಾದಿಯರು ಧರಣಿ ಕೂರಬೇಕಾಗುತ್ತಿರಲಿಲ್ಲ.

ಒಂದು ಕಾನೂನು ಮಾಡಿದ ಉಪಕಾರ

ಹಾಗಾದರೆ ಜಗತ್ತಿಗೆ ಬಾಗಿಲು ಹಾಕಿಕೊಳ್ಳಬೇಕೇ? ಹಾಗೇನೂ ಇಲ್ಲ. ಸರಿಯಾದ ನೀತಿ ಇದ್ದರೆ ಅದೇ ಜಾಗತಿಕ ಮಾರುಕಟ್ಟೆ ಜೀವ ಉಳಿಸುತ್ತದೆ ಎಂಬುದಕ್ಕೂ ಕರಾವಳಿಗೆ ಹತ್ತಿರದ ನಿದರ್ಶನ ಇದೆ.

ಬೈಂದೂರು, ಕುಂದಾಪುರದ ಕಡೆಯಿಂದ ಬೊಂಬಾಯಿಯ ಹೋಟೆಲುಗಳಿಗೆ ಹುಡುಗರು ಹೋಗುವುದು ಬಹಳ ಹಿಂದಿನ ರೂಢಿ. 1990ರ ದಶಕದಲ್ಲಿ ಏಡ್ಸ್ ರೋಗ ಮಹಾನಗರಗಳಿಂದ ವಲಸೆಯ ದಾರಿ ಹಿಡಿದು ಊರುಗಳಿಗೆ ಬಂತು. ಕರಾವಳಿಯೂ ಹೊರತಾಗಲಿಲ್ಲ. ಆಗ ವಿದೇಶಿ ಕಂಪೆನಿಗಳ ಔಷಧಿಗೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೇಕಿತ್ತು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪೆನಿ ಅಂಥದ್ದೇ ಔಷಧಿಯನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುವುದಾಗಿ ಹೇಳಿ ಜಗತ್ತನ್ನು ಬೆರಗುಗೊಳಿಸಿತು. 2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿದಂತೆ ರೋಗ ಹೆಚ್ಚಿದ್ದ ರಾಜ್ಯಗಳಲ್ಲಿ ಈ ಔಷಧಿಯನ್ನು ಸರಕಾರ ಉಚಿತವಾಗಿ ಕೊಡಲು ಆರಂಭಿಸಿತು.

ಸಿಪ್ಲಾಕ್ಕೆ ಅದು ಸಾಧ್ಯವಾದದ್ದು 1970ರ ಪೇಟೆಂಟ್ ಕಾಯಿದೆಯಿಂದ. ಔಷಧಿಯ ತಯಾರಿಕೆಯ ವಿಧಾನಕ್ಕೆ ಮಾತ್ರ ಪೇಟೆಂಟು, ಔಷಧಿಗೆ ಅಲ್ಲ ಎಂದು ಆ ಕಾಯಿದೆ ಹೇಳಿತು. ಬೇರೆ ವಿಧಾನದಿಂದ ಅದೇ ಔಷಧಿ ಮಾಡಲು ಭಾರತೀಯ ಕಂಪೆನಿಗಳಿಗೆ ಅಡ್ಡಿ ಇರಲಿಲ್ಲ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದಾಗ ಭಾರತ ಈ ಕಾಯಿದೆಯನ್ನು ಬದಲಿಸಲು ಒಪ್ಪಬೇಕಾಯಿತು. 2005ರಿಂದ ಔಷಧಿಗೂ ಪೇಟೆಂಟು ಬಂತು. ಆದರೂ ಸಂಸತ್ತು ಅದರಲ್ಲಿ ಒಂದು ತಡೆ ಇಟ್ಟಿತು: ಹಳೆಯ ಔಷಧಿಯನ್ನು ಅಲ್ಪಸ್ವಲ್ಪ ಬದಲಿಸಿ, ಗುಣದಲ್ಲಿ ಹೆಚ್ಚಳವಿಲ್ಲದೆ ಹೊಸ ಪೇಟೆಂಟು ಕೇಳುವಂತಿಲ್ಲ. ಇದೇ ಮೂರನೇ ಪ್ರಕರಣದ ‘ಡಿ’ ಉಪವಿಧಿ. ರಕ್ತದ ಕ್ಯಾನ್ಸರಿಗೆ ಕೊಡುವ ಗ್ಲಿವೆಕ್ ಔಷಧಿಯ ಬಗ್ಗೆ ನೋವಾರ್ಟಿಸ್ ಕಂಪೆನಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2013ರ ಏಪ್ರಿಲ್ 1ರಂದು ಸೋತದ್ದು ಈ ಉಪವಿಧಿಯಿಂದಲೇ. ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದ ಔಷಧಿ ಭಾರತೀಯ ಕಂಪೆನಿಗಳಿಂದ ಸುಮಾರು ಹತ್ತು ಸಾವಿರದೊಳಗೆ ಸಿಗುವುದು ಮುಂದುವರಿಯಿತು.

ಎರಡೂ ಕತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಔಷಧಿಯ ವಿಷಯದಲ್ಲಿ ಭಾರತ ಜಗತ್ತಿನ ಒಪ್ಪಂದಕ್ಕೆ ಸಹಿ ಹಾಕಿತು, ಆದರೆ ಅದಕ್ಕಾಗಿ ಕಾಯಿದೆಯನ್ನು ಬದಲಿಸುವಾಗ ಜನರ ಪರವಾಗಿ ಒಂದು ಷರತ್ತನ್ನು ಇಟ್ಟುಕೊಂಡಿತು. ಉಡುಪಿಯ ಆಸ್ಪತ್ರೆಯ ವಿಷಯದಲ್ಲಿ ಹಾಗೆ ಕಷ್ಟಕಾಲಕ್ಕೆ ಆಗುವ ಷರತ್ತು ಇದ್ದಂತೆ ಕಾಣಲಿಲ್ಲ.

ಕೋವಿಡ್ ಕೇಳಿದ ಪ್ರಶ್ನೆ

ಎನ್‌ಎಂಸಿ ಕುಸಿಯುತ್ತಿದ್ದ ತಿಂಗಳುಗಳಲ್ಲಿಯೇ ಕೋವಿಡ್ ಬಂತು. ಉಡುಪಿ ಜಿಲ್ಲೆಗೆ ಅದು ವಿದೇಶದಿಂದ ಮರಳಿದವರೊಂದಿಗೆ ಮೊದಲು ಬಂತು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಮರಳಿದವರೊಂದಿಗೆ ಹೆಚ್ಚಿತು. ಹೋಟೆಲುಗಳು ಮುಚ್ಚಿ, ಕೂಲಿ ಇಲ್ಲದೆ, ಬೊಂಬಾಯಿಯಲ್ಲಿ ಉಳಿಯಲಾರದೆ ಬಂದವರು ಅವರು. ಅವರಲ್ಲಿ ಬೈಂದೂರು, ಕುಂದಾಪುರ ತಾಲೂಕಿನವರೇ ಬಹಳ ಮಂದಿ. 2020ರ ಜೂನ್ ಆರಂಭದ ಕೆಲವು ದಿನ ಸೋಂಕಿತರ ಸಂಖ್ಯೆಯಲ್ಲಿ ಉಡುಪಿ ರಾಜ್ಯಕ್ಕೇ ಮೊದಲಾಗಿತ್ತು. ಊರ ಹಬ್ಬಕ್ಕೆ, ದೇವಸ್ಥಾನದ ರಥೋತ್ಸವಕ್ಕೆ ಬೊಂಬಾಯಿಯಿಂದ ಬರುವ ಮಕ್ಕಳನ್ನು ಎದುರುಗೊಳ್ಳುತ್ತಿದ್ದ ಊರುಗಳು ಆ ವರ್ಷ ಅವರನ್ನು ಶಾಲೆಗಳಲ್ಲಿ, ವಿದ್ಯಾರ್ಥಿ ನಿಲಯಗಳಲ್ಲಿ, ವಸತಿಗೃಹಗಳಲ್ಲಿ ಬೇರೆ ಇರಿಸಬೇಕಾಯಿತು.

ಆ ದಿನಗಳಲ್ಲಿ ಬಾಗಿಲಿಗೆ ಬಂದವರು ಯಾರು? ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿ, ಗ್ರಾಮ ಪಂಚಾಯತಿನವರು. ಉಡುಪಿಯ ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಮಣಿಪಾಲದ ಸಂಸ್ಥೆ ಕೋವಿಡ್ ಆಸ್ಪತ್ರೆಯಾಗಿ ಬಿಟ್ಟುಕೊಟ್ಟದ್ದು ಜಿಲ್ಲೆಯ ಪುಣ್ಯ. ಖಾಸಗಿಯವರೂ ಸರಕಾರವೂ ಹೆಗಲು ಕೊಟ್ಟು ದುಡಿಯಬಹುದು ಎಂಬುದಕ್ಕೆ ಅದು ಸಾಕ್ಷಿ. ಆದರೆ ಆ ಕೆಲಸದ ಸೂತ್ರ ಜಿಲ್ಲಾಡಳಿತದ ಕೈಯಲ್ಲಿತ್ತು. ಸೋಂಕು ತಗುಲಿದವನ ಮನೆ ಯಾವುದು, ಅವನ ಮನೆಯಲ್ಲಿ ಯಾರು ಗರ್ಭಿಣಿ, ಯಾರು ವೃದ್ಧರು ಎಂದು ತಿಳಿದಿದ್ದುದು ಊರಿನ ಸಾರ್ವಜನಿಕ ವ್ಯವಸ್ಥೆಗೆ ಮಾತ್ರ. ವಿಮಾ ಕಾರ್ಡಿಗೆ ಅದು ತಿಳಿಯುವುದಿಲ್ಲ.

ಮೊಳ ಹಾಕಿ ನೋಡಬೇಕು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಎಲ್ಲರೂ ಬಲ್ಲದ್ದು. ಪುಕ್ಕಟೆ ಸಿಕ್ಕಿದ ಬಟ್ಟೆಯನ್ನು ಅಳೆಯುವವನನ್ನು ಗಾದೆ ಗೇಲಿ ಮಾಡುತ್ತದೆ. ಒಬ್ಬನ ಮೈಮೇಲಿನ ಬಟ್ಟೆಗೆ ಆ ಮಾತು ಸರಿ. ಊರಿನ ಆಸ್ಪತ್ರೆಗೆ ಸರಿಯಲ್ಲ. ಅಲ್ಲಿ ಅಳೆಯಲೇಬೇಕು, ಹಿತ್ತಲಿಗೆ ಹೋಗಿ ಅಲ್ಲ, ಎಲ್ಲರ ಎದುರಿಗೇ ಅಳೆಯಬೇಕು.

ವಿಶ್ವಬ್ಯಾಂಕಿನ ಸಾಲವಿರಲಿ, ಗಲ್ಫಿನ ಉದ್ಯಮಿಯ ದಾನವಿರಲಿ, ಆಸ್ಪತ್ರೆ ಸಮೂಹದ ಒಪ್ಪಂದವಿರಲಿ, ಜನರು ತಮ್ಮ ಪ್ರತಿನಿಧಿಗಳನ್ನು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಈ ಹಣ ಎಷ್ಟು ವರ್ಷ ಬರುತ್ತದೆ? ನಿಂತ ದಿನ ಸಂಬಳ ಕೊಡುವವರು ಯಾರು? ಅದಕ್ಕೆ ಮುಂಗಡವಾಗಿ ಠೇವಣಿ ಇಟ್ಟಿದ್ದಾರೆಯೇ? ನೆಲದ ಹಕ್ಕು ಯಾರ ಹೆಸರಿನಲ್ಲಿ ಉಳಿಯುತ್ತದೆ? ಒಪ್ಪಂದದ ಪ್ರತಿಯನ್ನು ಜನ ಓದಬಹುದೇ? ಇವನ್ನು ಕೇಳುವುದು ದಾನಿಗೆ ಮಾಡುವ ಅವಮಾನವಲ್ಲ. ನಿಜವಾದ ದಾನಿಗೆ ಇವುಗಳಿಗೆ ಉತ್ತರ ಕೊಡುವುದು ಕಷ್ಟವೂ ಆಗದು.

ಉಪ್ಪುಂದದಂತಹ ಊರಿಗೆ ಜಗತ್ತು ಹೊಸದಲ್ಲ. ಇಲ್ಲಿಯ ಮೀನು ಹೊರಗಡೆ ಹೋಗುತ್ತದೆ, ಇಲ್ಲಿಯ ಹುಡುಗರು ದುಡಿಯಲು ಬೊಂಬಾಯಿಗೆ, ಗಲ್ಫಿಗೆ ಹೋಗುತ್ತಾರೆ, ಅವರ ಹಣ ಇಲ್ಲಿಗೆ ಬರುತ್ತದೆ. ಅಲ್ಲಿ ಕೆಲಸ ನಿಂತರೆ ಅವರು ಮರಳುವುದು ಈ ಊರಿಗೇ. ಹಾಗೆ ಮರಳಿದವರಿಗೂ, ಊರಿನಲ್ಲೇ ಉಳಿದವರಿಗೂ ಕಾಯಿಲೆಯಾದಾಗ ಹೋಗಲು ಒಂದು ಸರಕಾರಿ ಆಸ್ಪತ್ರೆ ಇರಬೇಕು, ಅದರಲ್ಲಿ ವೈದ್ಯರಿರಬೇಕು, ಅವರಿಗೆ ತಿಂಗಳ ಕೊನೆಗೆ ಸಂಬಳ ಬರಬೇಕು. ಉಡುಪಿಯಲ್ಲಿ ಸುತ್ತಿ ಬಳಸಿ ಐದು ವರ್ಷದ ಮೇಲೆ ಸರಕಾರ ಮತ್ತೆ ಹೊರಬೇಕಾಗಿ ಬಂದದ್ದು ಈ ಹೊಣೆಯನ್ನೇ. ಮುಂದಿನ ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಇಷ್ಟು ನೆನಪಿದ್ದರೆ ಸಾಕು.